ರಸ್ತೆಯಲ್ಲಿ ಇಲ್ಲದ ಬಾಣ ಮ್ಯಾಪಿನಲ್ಲಿ ಇರಬಹುದೇ?

ಓದುಗರ ಪ್ರಶ್ನೆ:

"ನಮಸ್ಕಾರ ಸರ್. ನಮ್ಮೂರು ಧಾರವಾಡ. ಬ್ಯಾಂಕಿನಿಂದ ನಿವೃತ್ತನಾಗಿ ಈಗ ಪುಣೆಯ ಬಾವಧನದಲ್ಲಿ ಮಗಳ ಮನೆಯಲ್ಲಿದ್ದೇನೆ. ಎರಡು ತಿಂಗಳಿಗೊಮ್ಮೆ ಅಳಿಯನ ಕಾರಿನಲ್ಲಿ ಊರಿಗೆ ಹೋಗುತ್ತೇವೆ. ಚಾಂದಣಿ ಚೌಕದಲ್ಲಿ ಎರಡು ಸಲ ತಪ್ಪು ರ‍್ಯಾಂಪ್ ಹಿಡಿದು ಧಾರವಾಡದ ಬದಲು ಮುಂಬೈ ದಿಕ್ಕಿಗೆ ಹೋದೆವು. ಆ ಸಿಟ್ಟಿನಲ್ಲೇ, ಯಾರು ಬೇಕಾದರೂ ತಿದ್ದಬಹುದಾದ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ನಕ್ಷೆಯನ್ನು ತಿದ್ದುವುದನ್ನು ಕಲಿತೆ. ಸುತ್ತಮುತ್ತಲಿನ 11 ಜಂಕ್ಷನ್‌ಗಳಿಗೆ ಲೇನ್ ಬಾಣ ಹಾಕಿದ್ದೇನೆ. ಮೊನ್ನೆ ಒಬ್ಬ ಹಳೆಯ ಮ್ಯಾಪರ್, 'ಇಲ್ಲಿ ರಸ್ತೆಯ ಮೇಲೆ ಬಾಣವೇ ಬರೆದಿಲ್ಲವಲ್ಲ, ಎಲ್ಲಿಂದ ತಂದಿರಿ?' ಎಂದು ಕೇಳಿದ್ದಾರೆ. ಬಣ್ಣ ಇಲ್ಲ, ನಿಜ. ಆದರೆ ಬಲಕ್ಕೆ ಹೋಗುವವರು ದಿನಾ ಬಲಗಡೆಯೇ ನಿಲ್ಲುತ್ತಾರಲ್ಲ? ಇನ್ನೊಬ್ಬರು, ಒಂದೊಂದು ಲೇನಿಗೂ ಒಂದೊಂದು ಗೆರೆ ಎಳೆದರೆ ಫೋನು ಸರಿಯಾಗಿ ಹೇಳುತ್ತದೆ ಎನ್ನುತ್ತಾರೆ. ಮೂರು ವಾರವಾದರೂ ನಮ್ಮ ಫೋನಿನಲ್ಲಿ ಒಂದು ಬಾಣವೂ ಕಂಡಿಲ್ಲ. ಕೊನೆಯದಾಗಿ, ನಾನು ಹಾಕಿದ್ದು ತಪ್ಪಾಗಿ ಯಾರಿಗಾದರೂ ಅಪಘಾತವಾದರೆ? ಈ ಯೋಚನೆಯಲ್ಲಿ ರಾತ್ರಿ ನಿದ್ದೆ ಬರುತ್ತಿಲ್ಲ."

ಉತ್ತರ:

ನಮಸ್ಕಾರ. ನಿದ್ದೆಯ ವಿಷಯ ಮೊದಲು ಮುಗಿಸೋಣ. ನೀವು ಹಾಕಿದ ಪ್ರತಿ ಎಡಿಟ್‌ನ ಇತಿಹಾಸ ಅಲ್ಲಿ ಉಳಿದಿರುತ್ತದೆ. ತಪ್ಪಾಗಿದ್ದರೆ ಹತ್ತು ನಿಮಿಷದಲ್ಲಿ ವಾಪಸ್ ತೆಗೆಯಬಹುದು. ನಿಮ್ಮ ಮೇಲೆ ಯಾರೂ ರೇಗಿಲ್ಲ, ಪ್ರಶ್ನೆ ಕೇಳಿದ್ದಾರೆ, ಅಷ್ಟೇ. ಓಪನ್‌ಸ್ಟ್ರೀಟ್‌ಮ್ಯಾಪ್ 2004ರಲ್ಲಿ ಶುರುವಾದಾಗಿನಿಂದ ನಡೆದು ಬಂದಿರುವುದೇ ಹೀಗೆ: ಒಬ್ಬರು ಹಾಕುತ್ತಾರೆ, ಇನ್ನೊಬ್ಬರು 'ಹೌದಾ?' ಅನ್ನುತ್ತಾರೆ. ಕೇಳುವವರೇ ಇಲ್ಲದ ಊರಿನ ಮ್ಯಾಪು ಹೇಗಿರುತ್ತದೆ ಅಂತ ನಾನು ನೋಡಿದ್ದೇನೆ.

ನಾನು ಮುಂಬೈಯ ಮುಲುಂಡ್‌ನಲ್ಲಿದ್ದೇನೆ. ನ್ಯಾವಿಗೇಷನ್ ಮ್ಯಾಪ್ ಕೆಲಸದಲ್ಲಿ ಹದಿನೇಳು ವರ್ಷ ಆಯಿತು. ಹೊಟ್ಟೆಪಾಡಿಗೆ ಅದು, ಭಾನುವಾರದ ಖುಷಿಗೆ ಓಪನ್‌ಸ್ಟ್ರೀಟ್‌ಮ್ಯಾಪ್. ಎರಡೂ ಕಡೆ ಅತಿ ಹೆಚ್ಚು ಜಗಳ ಆಗುವುದು ನೀವು ಕೇಳಿದ ವಿಷಯಕ್ಕೇ. ರಸ್ತೆಯ ಹೆಸರಿನ ಬಗ್ಗೆ ಇಷ್ಟು ವಾದ ನಡೆಯುವುದಿಲ್ಲ.

ಮೊದಲು ಬಣ್ಣದ ಪ್ರಶ್ನೆ. ಹಳೆಯ ಮ್ಯಾಪರ್ ಹೇಳಿದ್ದು ಸರಿ. ಲೇನ್ ಬಾಣ ದಾಖಲಿಸಲು ಮ್ಯಾಪಿನ ರಸ್ತೆಗೆ ಅಂಟಿಸುವ ಚೀಟಿ, ಅಂದರೆ ಟರ್ನ್:ಲೇನ್ಸ್ ಟ್ಯಾಗ್‌ಗೆ ಆಧಾರ ರಸ್ತೆಯ ಮೇಲೆ ಬರೆದ ಬಾಣ, ಇಲ್ಲವೇ ತಲೆಯ ಮೇಲೆ ಅಥವಾ ಪಕ್ಕದಲ್ಲಿ ಹಾಕಿದ ಲೇನ್ ಬೋರ್ಡು. ಜನ ಹೇಗೆ ನಿಲ್ಲುತ್ತಾರೆ ಅನ್ನುವುದು ಆಧಾರ ಅಲ್ಲ. ನಿಮ್ಮ ವಾದ ನನಗೆ ಅರ್ಥವಾಗುತ್ತದೆ. ಬಲಕ್ಕೆ ಹೋಗುವವರು ಬಲಗಡೆ ನಿಲ್ಲುತ್ತಾರೆ, ನಿಜ. ಆದರೆ ಎಷ್ಟು ಸಾಲು ನಿಲ್ಲುತ್ತಾರೆ? ಬೆಳಗ್ಗೆ ಒಂಬತ್ತಕ್ಕೆ ಎರಡು, ಮಧ್ಯಾಹ್ನ ಒಂದು, ಸಂಜೆ ಸಿಗ್ನಲ್ ಹಸಿರಾಗುವ ಮುಂಚೆ ಮೂರನೆಯದೂ ಹುಟ್ಟಿಕೊಳ್ಳುತ್ತದೆ. ಪೊಲೀಸ್ ಇದ್ದ ದಿನ ಬೇರೆ, ಇಲ್ಲದ ದಿನ ಬೇರೆ. ಇದರಲ್ಲಿ ಯಾವುದನ್ನು ಮ್ಯಾಪಿಗೆ ಹಾಕುತ್ತೀರಿ? ನೀವು ಒಂದು ಹಾಕಿದರೆ ಪಕ್ಕದ ಸೊಸೈಟಿಯವರು ಇನ್ನೊಂದು ಹಾಕುತ್ತಾರೆ. ಇಬ್ಬರೂ ಕಂಡಿದ್ದನ್ನೇ ಹಾಕಿರುತ್ತೀರಿ, ಇಬ್ಬರಲ್ಲಿ ಯಾರು ಸರಿ ಅಂತ ಮೂರನೆಯವರು ಹೋಗಿ ನೋಡಿ ತೀರ್ಮಾನಿಸುವ ಹಾಗಿಲ್ಲ. ಬಣ್ಣ ಇದ್ದರೆ ಆ ತಕರಾರೇ ಇಲ್ಲ. ಯಾರು ಬೇಕಾದರೂ ಹೋಗಿ ನೋಡಿಕೊಂಡು ಬರಬಹುದು.

ಇನ್ನೊಂದು ಇದೆ. ನಿಮಗೆ ಆ ಜಂಕ್ಷನ್ ಗೊತ್ತು. ಹಾಗಾಗಿ ನಿಮಗೆ ಬಾಣ ಬೇಕಾಗಿಲ್ಲ. ಬಾಣ ಬೇಕಾಗಿರುವುದು ಬೆಳಗಾವಿಯಿಂದ ಮೊದಲ ಸಲ ಬಂದವನಿಗೆ. ಅವನು ಫೋನಿನಲ್ಲಿ ಮೂರು ಬಾಣ ನೋಡಿ ತಲೆ ಎತ್ತುತ್ತಾನೆ. ಡಾಂಬರಿನ ಮೇಲೆ ಏನೂ ಇಲ್ಲ. ಈಗ ಅವನು ಲೇನ್ ಎಣಿಸುತ್ತಾನೆ. ಸಿಗ್ನಲ್ ಹತ್ತಿರ ಬಂದಾಗ, ಅತ್ತಿತ್ತ ಬೈಕುಗಳು ನುಗ್ಗುವಾಗ ಲೇನ್ ಎಣಿಸುವ ಡ್ರೈವರ್ ಅಪಾಯ. ಫೋನು ಏನೂ ತೋರಿಸದಿದ್ದರೆ ಅವನು ಸುಮ್ನೆ ಮುಂದಿನ ಗಾಡಿ ನೋಡಿಕೊಂಡು ಹೋಗುತ್ತಿದ್ದ. ಹಾಗಾಗಿ ಖಾಲಿ ಬಿಟ್ಟ ಜಂಕ್ಷನ್‌ಗಿಂತ ಊಹಿಸಿ ಹಾಕಿದ ಬಾಣ ಜಾಸ್ತಿ ಕೆಟ್ಟದ್ದು ಅಂತ ನಾನು ಹೇಳುತ್ತೇನೆ. ಇದನ್ನು ಒಪ್ಪದ ಮ್ಯಾಪರ್‌ಗಳೂ ಇದ್ದಾರೆ.

ಹಾಗಂತ ಬಣ್ಣ ಇಲ್ಲದ ರಸ್ತೆಯಲ್ಲಿ ಮಾಡುವ ಕೆಲಸ ಇಲ್ಲ ಅಂತ ಅಲ್ಲ. ಲೇನ್ ಗೆರೆಯೇ ಇಲ್ಲದಿದ್ದರೆ 'ಲೇನ್_ಮಾರ್ಕಿಂಗ್ಸ್=ನೋ' ಎಂದು ಹಾಕಿ. ಗೊತ್ತಿದ್ದರೆ ರಸ್ತೆಯ ಅಗಲ ಮೀಟರ್‌ನಲ್ಲಿ ಹಾಕಿ. ಇದು ಸುಳ್ಳು ಬಾಣಕ್ಕಿಂತ ಎಷ್ಟೋ ಮೇಲು, ಯಾಕೆಂದರೆ ಇದೂ ಒಂದು ಮಾಹಿತಿಯೇ. 'ಇಲ್ಲಿ ಯಾರೂ ನೋಡಿಲ್ಲ' ಎನ್ನುವುದಕ್ಕೂ 'ನೋಡಿದ್ದೇನೆ, ಗೆರೆ ಇಲ್ಲ' ಎನ್ನುವುದಕ್ಕೂ ವ್ಯತ್ಯಾಸ ಇದೆಯಲ್ಲ. ಗೆರೆ ಇದ್ದು ಬಾಣ ಮಾತ್ರ ಇಲ್ಲದಿದ್ದರೆ ಬರೀ ಲೇನ್ ಎಷ್ಟು ಅಂತ ಹಾಕಿ. ಎಣಿಸಬೇಕಾದದ್ದು ಗೆರೆಗಳ ನಡುವಿನ ಲೇನ್, ಗಾಡಿಗಳ ಸಾಲು ಅಲ್ಲ. ನಮ್ಮ ಕಡೆ ಮೂರು ಲೇನ್‌ನಲ್ಲಿ ಐದು ಸಾಲು ನಿಲ್ಲುವುದು ಮಾಮೂಲಿ. ಮ್ಯಾಪಿಗೆ ಮೂರೇ.

ಈಗ ಫೋನಿನ ಕಡೆ ಬರೋಣ. ಇದರ ಬಗ್ಗೆ ಎಲ್ಲರಲ್ಲೂ ಒಂದು ತಪ್ಪು ತಿಳುವಳಿಕೆ ಇದೆ. ಫೋನಿಗೆ ನಾವು ಯಾವ ಲೇನ್‌ನಲ್ಲಿದ್ದೇವೆ ಅಂತ ಗೊತ್ತು, ಅದಕ್ಕೇ ಬಾಣ ತೋರಿಸುತ್ತದೆ ಅಂತ. ಗೊತ್ತಿಲ್ಲ. ತೆರೆದ ಆಕಾಶದ ಕೆಳಗೆ ಫೋನಿನ ಜಿಪಿಎಸ್ ನಿಖರತೆ ಸುಮಾರು 5 ಮೀಟರ್. ನಮ್ಮಲ್ಲಿ ಒಂದು ಲೇನಿನ ಸಾಮಾನ್ಯ ಅಗಲ 3.5 ಮೀಟರ್. ಅಂದರೆ ನೀವು ಎಡ ಲೇನ್‌ನಲ್ಲಿದ್ದರೂ ಫೋನು ನಿಮ್ಮನ್ನು ನಡುವಿನ ಲೇನ್‌ನಲ್ಲಿ ಇಟ್ಟುಕೊಂಡಿರಬಹುದು. ಫ್ಲೈಓವರ್ ಕೆಳಗೆ, ಎತ್ತರದ ಕಟ್ಟಡಗಳ ನಡುವೆ ಸಿಗ್ನಲ್ ಗೋಡೆಗೆ ಬಡಿದು ಬರುವುದರಿಂದ ಇನ್ನೂ ಕೆಡುತ್ತದೆ. ಆಪ್ ಮಾಡುವುದು ಇಷ್ಟೇ: ನೀವು ಬಲಕ್ಕೆ ತಿರುಗಬೇಕು ಅಂತ ಅದಕ್ಕೆ ಗೊತ್ತು. ಜಂಕ್ಷನ್‌ಗೆ ಮುಂಚಿನ ತುಂಡು ರಸ್ತೆಯ ಟ್ಯಾಗ್ ಓದುತ್ತದೆ. ಬಲದ ಬಾಣ ಇರುವ ಲೇನ್‌ಗಳನ್ನು ದಪ್ಪಗೆ, ಉಳಿದವನ್ನು ಮಸುಕಾಗಿ ಬರೆಯುತ್ತದೆ. ಅದೊಂದು ಚಿತ್ರ. ನಿಮ್ಮ ಕಾರು ಆ ಚಿತ್ರದಲ್ಲಿ ಎಲ್ಲಿದೆ ಅಂತ ನೀವೇ ಕಿಟಕಿಯಿಂದ ನೋಡಿಕೊಳ್ಳಬೇಕು.

ಚಿತ್ರ ಯಾವಾಗ ಬರುತ್ತದೆ ಅನ್ನುವುದು ಮುಖ್ಯ. ಉದಾಹರಣೆಗೆ 300 ಮೀಟರ್ ಮುಂಚೆ ಬಂತು ಅಂತ ಇಟ್ಟುಕೊಳ್ಳಿ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ 300 ಮೀಟರ್ ಅಂದರೆ 18 ಸೆಕೆಂಡು. ಅಷ್ಟರಲ್ಲಿ ಕನ್ನಡಿ ನೋಡಿ, ಇಂಡಿಕೇಟರ್ ಹಾಕಿ, ಎರಡು ಲೇನ್ ದಾಟಬೇಕು. ಅಷ್ಟು ಹೊತ್ತು ಸಾಕು, ಆದರೆ ಚಿತ್ರ ಸರಿ ಇದ್ದರೆ ಮಾತ್ರ. ರಸ್ತೆ ಮೂರು ಲೇನ್ ಇದ್ದು ಕೊನೆಯ 50 ಮೀಟರ್‌ನಲ್ಲಿ ಮಾತ್ರ ಬಲಕ್ಕೊಂದು ಹೆಚ್ಚುವರಿ ಲೇನ್ ಹುಟ್ಟುತ್ತದೆ ಅಂದುಕೊಳ್ಳಿ. ಫೋನು ದೂರದಿಂದಲೇ ನಾಲ್ಕು ಲೇನ್ ತೋರಿಸುತ್ತದೆ. ಕಣ್ಣಿಗೆ ಕಾಣುವುದು ಮೂರು. ಇದು ನಿಮ್ಮ ತಪ್ಪಲ್ಲ, ಆಪ್ ಓದುವ ರೀತಿ.

ಅದಕ್ಕೇ ಮ್ಯಾಪಿನಲ್ಲಿ ರಸ್ತೆಯನ್ನು ಎಲ್ಲಿ ತುಂಡು ಮಾಡುತ್ತೀರಿ ಎನ್ನುವುದರ ಮೇಲೆ ಅರ್ಧ ಕೆಲಸ ನಿಂತಿದೆ. ಹೊಸ ಲೇನ್ ಎಲ್ಲಿ ಪೂರ್ತಿ ಅಗಲಕ್ಕೆ ಬರುತ್ತದೋ ಅಲ್ಲಿ ರಸ್ತೆಯ ಗೆರೆಯನ್ನು ಕತ್ತರಿಸಿ, ಅಲ್ಲಿಂದ ಜಂಕ್ಷನ್ ಬಿಂದುವಿನವರೆಗೆ ಹೊಸ ಲೇನ್ ಸಂಖ್ಯೆ ಮತ್ತು ಬಾಣ ಹಾಕಬೇಕು. ಹಿಂದಿನ ತುಂಡಿಗೆ ಹಳೆಯ ಸಂಖ್ಯೆ. ನಾನು ನೋಡಿದ ಹೊಸಬರಲ್ಲಿ ಹೆಚ್ಚಿನವರು ತುಂಡು ಮಾಡದೆ ಒಂದು ಕಿಲೋಮೀಟರ್ ಉದ್ದದ ರಸ್ತೆಗೆಲ್ಲ ಬಾಣ ಹಾಕಿಬಿಡುತ್ತಾರೆ. ಆಗ ನಡುವೆ ಸಿಗುವ ಸಣ್ಣ ಗಲ್ಲಿಗೆ ತಿರುಗುವವನಿಗೂ ದೊಡ್ಡ ಸಿಗ್ನಲ್‌ನ ಬಾಣವೇ ಕಾಣುತ್ತದೆ. ಕತ್ತರಿಸುವಾಗ ಒಂದು ಎಚ್ಚರಿಕೆ: ಆ ರಸ್ತೆಯ ಮೇಲೆ ಬಸ್ ಮಾರ್ಗವೋ, 'ಬಲ ತಿರುವು ಇಲ್ಲ' ಎಂಬ ನಿರ್ಬಂಧವೋ ಸೇರಿದ್ದರೆ ಕತ್ತರಿಸಿದ ಮೇಲೆ ಅದು ಸರಿಯಾದ ತುಂಡಿಗೇ ಅಂಟಿದೆಯಾ ನೋಡಿ. ಎಡಿಟರ್ ಸಾಮಾನ್ಯವಾಗಿ ಸರಿಯಾಗಿಯೇ ಮಾಡುತ್ತದೆ. ಆದರೂ ನೋಡಿ.

ಬರೆಯುವ ಕ್ರಮದಲ್ಲಿ ನಾನೇ ಒಮ್ಮೆ ಮುಖ ಕೆಡಿಸಿಕೊಂಡಿದ್ದೇನೆ. ಬಾಣದ ಟ್ಯಾಗಿನ ಮೌಲ್ಯಗಳನ್ನು ಯಾವಾಗಲೂ ಗಾಡಿ ಹೋಗುವ ದಿಕ್ಕಿಗೆ ಮುಖ ಮಾಡಿ ಎಡದಿಂದ ಬಲಕ್ಕೆ ಬರೆಯಬೇಕು. ಲೇನ್ ಲೇನಿನ ನಡುವೆ ನೆಟ್ಟಗಿನ ಗೆರೆ, ಒಂದೇ ಲೇನಿಗೆ ಎರಡು ಬಾಣ ಇದ್ದರೆ ನಡುವೆ ಅರ್ಧವಿರಾಮ. 'ಲೆಫ್ಟ್;ಥ್ರೂ|ಥ್ರೂ|ರೈಟ್' ಅಂದರೆ ಮೂರು ಲೇನ್: ಎಡದ್ದು ಎಡಕ್ಕೂ ನೇರಕ್ಕೂ, ನಡುವಿನದು ನೇರ, ಬಲದ್ದು ಬಲಕ್ಕೆ. (ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರ, ನಡುವೆ ಜಾಗ ಬಿಡಬಾರದು.) ನೆಟ್ಟಗಿನ ಗೆರೆ ಎರಡಿದ್ದರೆ ಲೇನ್ ಮೂರು, ಇದನ್ನು ಲೇನ್ ಸಂಖ್ಯೆಗೆ ತಾಳೆ ನೋಡಿ. ಬಾಣ ಇಲ್ಲದ ಲೇನ್ ನಡುವೆ ಬಂದರೆ 'ನನ್' ಎಂದು ಹಾಕಿ. ಡಿವೈಡರ್ ಇಲ್ಲದ ಎರಡು ದಿಕ್ಕಿನ ರಸ್ತೆಗೆ 'ಫಾರ್ವರ್ಡ್', 'ಬ್ಯಾಕ್ವರ್ಡ್' ಎಂದು ಬೇರೆ ಬೇರೆ ಬರೆಯಬೇಕು. ಬ್ಯಾಕ್ವರ್ಡ್ ಬರೆಯುವಾಗ ಎದುರಿನಿಂದ ಬರುವ ಡ್ರೈವರ್ ಸೀಟಿನಲ್ಲಿ ಕೂತು ಎಡ-ಬಲ ನೋಡಬೇಕು. ನಾನು ಸ್ಕ್ರೀನ್ ನೋಡಿಕೊಂಡು ಬರೆದಿದ್ದೆ. ಆಮೇಲೆ ಚೆಂಬೂರಿನ ಒಂದು ಉಡುಪಿ ಹೋಟೆಲಿಗೆ ಹಿಟ್ಟು ಸಾಗಿಸುವ ಕುಂದಾಪುರದ ಟೆಂಪೊ ಡ್ರೈವರ್ ಸಿಕ್ಕಿ, "ಎಡಗಡೆ ನಿಂತು ಬಲಕ್ಕೆ ಹೋಗಿ ಅಂತಿದೆ ಮಾರಾಯ್ರೆ ನಿಮ್ಮ ಮ್ಯಾಪು, ಬಸ್ಸಿನವ ಬಯ್ಯುವುದು ನನಗೆ" ಎಂದ. ಆವತ್ತೇ ಮನೆಗೆ ಬಂದು ತಿದ್ದಿದೆ.

ಇದೇ ಜಾತಿಯ ಇನ್ನೊಂದು ಗುಂಡಿ: ಯುರೋಪಿನವರ ಉದಾಹರಣೆ ನೋಡಿ ಹಾಗೇ ಇಳಿಸುವುದು. ಬರೆಯುವ ಕ್ರಮ ಅಲ್ಲೂ ಎಡದಿಂದ ಬಲಕ್ಕೇ. ಆದರೆ ಅಲ್ಲಿ ಹೆಚ್ಚಿನ ದೇಶಗಳಲ್ಲಿ ಬಲಗಡೆ ಓಡಿಸುತ್ತಾರೆ. ಅವರ ಮೊದಲ ಲೇನ್ ಡಿವೈಡರ್ ಪಕ್ಕದ್ದು, ನಮ್ಮ ಮೊದಲ ಲೇನ್ ಫುಟ್‌ಪಾತ್ ಪಕ್ಕದ್ದು. ಚಿತ್ರ ನೋಡಿ ಕಲಿತವರು ಇಲ್ಲಿ ಜಾರುತ್ತಾರೆ.

ಮ್ಯಾಪಿನಲ್ಲಿ ಒಂದೊಂದು ಲೇನಿಗೂ ಬೇರೆ ಗೆರೆ ಎಳೆಯುವ ಸಲಹೆಯನ್ನು ದಯವಿಟ್ಟು ಕೇಳಬೇಡಿ. ಕೊಟ್ಟವರು ಒಳ್ಳೆಯ ಮನಸ್ಸಿನಿಂದಲೇ ಕೊಟ್ಟಿರುತ್ತಾರೆ. ಮೇಲಿನಿಂದ ನೋಡಿದರೆ ಚೆಂದ ಕಾಣುತ್ತದೆ ಕೂಡ. ಆದರೆ ಆಪ್ ಒಳಗಿನ ದಾರಿ ಹುಡುಕುವ ಯಂತ್ರಕ್ಕೆ ಗೆರೆ ಅಂದರೆ ರೈಲಿನ ಹಳಿ ಇದ್ದ ಹಾಗೆ. ಒಂದು ಗೆರೆಯಿಂದ ಇನ್ನೊಂದಕ್ಕೆ ಹೋಗಬೇಕಾದರೆ ಎರಡೂ ಸೇರುವ ಬಿಂದು ಬೇಕು. ಮೂರು ಲೇನಿಗೆ ಮೂರು ಗೆರೆ ಎಳೆದರೆ ಎಡ ಗೆರೆಯ ಮೇಲಿರುವ ಕಾರು ಬಲ ಗೆರೆಗೆ ದಾಟಲಾಗದೆ ಎರಡು ಕಿಲೋಮೀಟರ್ ಮುಂದೆ ಹೋಗಿ ಯು-ಟರ್ನ್ ಹೊಡೆದು ಬಾ ಎನ್ನುತ್ತದೆ ಆಪ್. ನಿಯಮ ಸರಳ: ನಡುವೆ ಗಾಡಿ ದಾಟಲಾಗದ ತಡೆ ಇದ್ದರೆ ಬೇರೆ ಗೆರೆ, ಬರೀ ಬಣ್ಣವಾದರೆ ಒಂದೇ ಗೆರೆ. ಪುಣೆಯವರಿಗೆ ಬಿಆರ್‌ಟಿ ಲೇನ್ ಗೊತ್ತೇ ಇದೆ. ಕಂಬಿ ಹಾಕಿ ಬೇರ್ಪಡಿಸಿದ ಕಡೆ ಅದು ಬೇರೆ ಗೆರೆ, ಬಸ್ಸಿಗೆ ಮಾತ್ರ. ಕಂಬಿ ಕಿತ್ತು ರಸ್ತೆಗೆ ಸೇರಿಸಿದ ಕಡೆ ಆ ಗೆರೆಯೂ ಹೋಗಬೇಕು, ಲೇನ್ ಸಂಖ್ಯೆ ಏರಬೇಕು. ಹೀಗೆ ಏರಿಸದೆ ಬಿಟ್ಟ ಜಾಗ ಇನ್ನೂ ಇರಬಹುದು, ಹುಡುಕಿ ನೋಡಿ. ನಿಮಗೆ ಒಳ್ಳೆಯ ಕೆಲಸ ಅದು.

ಫ್ರೀ ಲೆಫ್ಟ್‌ಗೂ ಇದೇ ಲೆಕ್ಕ. ನಡುವೆ ತ್ರಿಕೋನದ ಕಟ್ಟೆ ಇದ್ದು ಎಡದ ದಾರಿ ಮೊದಲೇ ಒಡೆದುಕೊಂಡರೆ ಅದಕ್ಕೆ ಬೇರೆ ಕೊಂಡಿ ರಸ್ತೆ. ಆ ಒಡೆದ ಜಾಗದಿಂದ ಮುಂದೆ ಮುಖ್ಯ ರಸ್ತೆಗೆ ಎಡ ಬಾಣ ಬೇಡ. ಕಟ್ಟೆ ಇಲ್ಲದೆ ಬರೀ ಬಿಳಿ ಪಟ್ಟೆ ಹೊಡೆದಿದ್ದರೆ ನಾನು ಬೇರೆ ಗೆರೆ ಎಳೆಯುವುದಿಲ್ಲ. ಎಳೆಯುವವರಿದ್ದಾರೆ, ಅವರು ಎಳೆದದ್ದನ್ನು ಅಳಿಸಲೂ ಹೋಗುವುದಿಲ್ಲ.

ಇನ್ನೊಂದು ನಂಬಿಕೆ ಇದೆ. ಬಲ ಲೇನಿಗೆ 'ನೇರ ಮಾತ್ರ' ಅಂತ ಬಾಣ ಹಾಕಿದರೆ ಆಪ್ ಬಲಕ್ಕೆ ತಿರುಗಿಸುವುದನ್ನು ನಿಲ್ಲಿಸುತ್ತದೆ ಅಂತ. ಹೆಚ್ಚಿನ ಯಂತ್ರಗಳಲ್ಲಿ ಹಾಗಾಗುವುದಿಲ್ಲ. ದಾರಿ ಆರಿಸುವಾಗ ಅವು ಬಾಣವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ದಾರಿ ಆರಿಸಿದ ಮೇಲೆ ತೋರಿಸಲು ಮಾತ್ರ ಓದುತ್ತವೆ. 'ಇಲ್ಲಿ ಬಲಕ್ಕೆ ಹೋಗುವಂತಿಲ್ಲ' ಅಂತ ಹೇಳಬೇಕಾದರೆ ಅದಕ್ಕೆ ನಿರ್ಬಂಧದ ರಿಲೇಷನ್ (ರಸ್ತೆ, ಬಿಂದುಗಳನ್ನು ಒಟ್ಟಿಗೆ ಕಟ್ಟುವ ದಾಖಲೆ) ಬೇರೆಯೇ ಇದೆ: ಯಾವ ರಸ್ತೆಯಿಂದ, ಯಾವ ಬಿಂದುವಿನ ಮೂಲಕ, ಯಾವ ರಸ್ತೆಗೆ. ನನ್ನ ಅನುಭವದಲ್ಲಿ ಪುಣೆ, ಮುಂಬೈಯ ಡ್ರೈವರ್‌ಗೆ ಬಾಣಕ್ಕಿಂತ ಜಾಸ್ತಿ ಉಪಯೋಗ ಆಗುವುದು ಇದು. ಬಾಣ ತಪ್ಪಿದರೆ ಒಬ್ಬನಿಗೆ ಹಾರ್ನ್ ಕೇಳಬೇಕಾಗುತ್ತದೆ. ನಿರ್ಬಂಧ ಬಿಟ್ಟುಹೋದರೆ ಆಪ್ ಪ್ರತಿಯೊಬ್ಬನನ್ನೂ ಅದೇ ನೋ-ರೈಟ್ ಬೋರ್ಡಿನ ಮುಂದೆ ತಂದು ನಿಲ್ಲಿಸುತ್ತದೆ. ಪಕ್ಕದಲ್ಲಿ ಪಾವತಿ ಪುಸ್ತಕ ಹಿಡಿದವರು ಇದ್ದೇ ಇರುತ್ತಾರೆ. ನಿಮ್ಮ 11 ಜಂಕ್ಷನ್‌ಗಳಲ್ಲಿ ಬಲ ತಿರುವು, ಯು-ಟರ್ನ್ ನಿಷೇಧದ ಬೋರ್ಡು ಎಷ್ಟಿವೆ, ಮ್ಯಾಪಿನಲ್ಲಿ ಎಷ್ಟಿವೆ, ಎಣಿಸಿ ನೋಡಿ.

ಡಿವೈಡರ್ ಇರುವ ಎರಡು ರಸ್ತೆ ಅಡ್ಡ ಹಾಯ್ದರೆ ಜಂಕ್ಷನ್ ಒಂದು ಬಿಂದುವಲ್ಲ, ನಾಲ್ಕು ಬಿಂದು. ನಡುವೆ ಸಣ್ಣ ಸಣ್ಣ ತುಂಡು. ಬಲಕ್ಕೆ ಹೋಗುವವನು ಮೊದಲ ಬಿಂದು ನೇರ ದಾಟಿ ಎರಡನೆಯದರಲ್ಲಿ ತಿರುಗುತ್ತಾನೆ. ಆ ಒಳಗಿನ ತುಂಡಿಗೂ ಬಾಣ ಹಾಕಬೇಕಾ? ಇಲ್ಲಿ ಒಂದೊಂದು ಆಪ್ ಒಂದೊಂದು ಥರ. ಕೆಲವು ಸ್ಟಾಪ್ ಲೈನ್ ಹಿಂದಿನ ಬಾಣವನ್ನು ನೆನಪಿಟ್ಟುಕೊಂಡು ಒಳಗೂ ತರುತ್ತವೆ, ಕೆಲವು ತರುವುದಿಲ್ಲ. ನಾನು ಒಳಗಿನ ತುಂಡಿಗೆ ಹಾಕುವುದಿಲ್ಲ, ಅಲ್ಲೂ ಬಣ್ಣದ ಬಾಣ ಇದ್ದರೆ ಬಿಟ್ಟು. ಒಂದು ಆಪ್‌ಗೆ ಸರಿಹೋಗಲಿ ಅಂತ ಮ್ಯಾಪನ್ನು ಬಗ್ಗಿಸಿದರೆ ನಾಳೆ ಆ ಆಪ್ ಬದಲಾದಾಗ ಮ್ಯಾಪು ಮಾತ್ರ ಸೊಟ್ಟಗೇ ಉಳಿಯುತ್ತದೆ.

ಮೂರು ವಾರವಾದರೂ ಕಾಣಲಿಲ್ಲ ಎಂದಿರಿ. ನನ್ನ ಮೊದಲ ಪ್ರಶ್ನೆ: ಯಾವ ಆಪ್? ಗೂಗಲ್ ಮ್ಯಾಪ್ಸ್ ಆದರೆ ಮೂರು ವರ್ಷವಾದರೂ ನಿಮ್ಮ ಎಡಿಟ್ ಅಲ್ಲಿ ಕಾಣುವುದಿಲ್ಲ. ಅದರ ದತ್ತಾಂಶ ಬೇರೆ, ಇದು ಬೇರೆ. ಪತ್ರ ಬರೆಯುವವರಲ್ಲಿ ಎಷ್ಟೋ ಜನರಿಗೆ ಇದು ಗೊತ್ತಿರುವುದಿಲ್ಲ, ನಾಚಿಕೆ ಏನೂ ಬೇಡ. ಓಎಸ್‌ಎಂಆಂಡ್, ಆರ್ಗ್ಯಾನಿಕ್ ಮ್ಯಾಪ್ಸ್ ಥರದ ಆಪ್‌ಗಳು ಓಪನ್‌ಸ್ಟ್ರೀಟ್‌ಮ್ಯಾಪ್ ಬಳಸುತ್ತವೆ, ಲೇನ್ ಬಾಣವನ್ನೂ ತೋರಿಸುತ್ತವೆ. ಆದರೆ ಫೋನಿನಲ್ಲಿರುವುದು ಡೌನ್‌ಲೋಡ್ ಮಾಡಿದ ಹಳೆಯ ಪ್ರತಿ. ಓಎಸ್‌ಎಂಆಂಡ್ ಸಾಮಾನ್ಯವಾಗಿ ತಿಂಗಳಿಗೊಮ್ಮೆ ಹೊಸ ಪ್ರತಿ ಕೊಡುತ್ತದೆ. ಬಂದ ಮೇಲೆ ನೀವೇ ಅಪ್‌ಡೇಟ್ ಒತ್ತಬೇಕು. ಅಲ್ಲಿಯವರೆಗೆ ಕಾಯಲಾಗದಿದ್ದರೆ ಕಂಪ್ಯೂಟರಿನಲ್ಲಿ ಜೋಸ್ಮ್ ಎಡಿಟರ್ ಹಾಕಿಕೊಳ್ಳಿ. ಅದರಲ್ಲಿ ಲೇನ್‌ಗಳನ್ನು ಬಣ್ಣ ಹಚ್ಚಿ ತೋರಿಸುವ ಸ್ಟೈಲ್ ಇದೆ. ನೀವು ಬರೆದದ್ದು ರಸ್ತೆಯ ಮೇಲೆ ಬಾಣವಾಗಿ ಕಾಣುತ್ತದೆ. ಎಡ-ಬಲ ಅದಲುಬದಲಾಗಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ. ನನ್ನ ಆ ಚೆಂಬೂರಿನ ತಪ್ಪು ಇದನ್ನು ನೋಡಿದ್ದರೆ ಆಗುತ್ತಲೇ ಇರಲಿಲ್ಲ.

ಮಾಹಿತಿ ಎಲ್ಲಿಂದ ತರುತ್ತೀರಿ ಎನ್ನುವುದಕ್ಕೆ ಸ್ವಲ್ಪ ಹೊತ್ತು ಕೊಡುತ್ತೇನೆ, ಯಾಕೆಂದರೆ ನಿಮ್ಮ ಮ್ಯಾಪರ್ ಕೇಳಿದ್ದೂ ಅದನ್ನೇ. ಸ್ಯಾಟಲೈಟ್ ಚಿತ್ರದಲ್ಲಿ ಬಾಣ ಕೆಲವು ಕಡೆ ಚೆನ್ನಾಗಿ ಕಾಣುತ್ತದೆ. ಆದರೆ ಚಿತ್ರ ಎಷ್ಟು ಹಳೆಯದು? ನಿಮ್ಮ ಚಾಂದಣಿ ಚೌಕವನ್ನೇ ತೆಗೆದುಕೊಳ್ಳಿ. ಹಳೆಯ ಸೇತುವೆಯನ್ನು 2022ರ ಅಕ್ಟೋಬರ್ 2ರ ನಸುಕಿನಲ್ಲಿ ಸ್ಫೋಟಿಸಿ ಕೆಡವಿದರು. ಹೊಸದು ತೆರೆದದ್ದು 2023ರ ಆಗಸ್ಟ್ 12ರಂದು. ಅದಕ್ಕಿಂತ ಮುಂಚಿನ ಚಿತ್ರ ನೋಡಿ ಲೇನ್ ಹಾಕಿದರೆ ಈಗ ಇಲ್ಲದ ಸೇತುವೆಗೆ ಬಾಣ ಹಾಕಿದ ಹಾಗಾಗುತ್ತದೆ. ಯೂನಿವರ್ಸಿಟಿ ಚೌಕದ ಫ್ಲೈಓವರ್ ಕೂಡ 2020ರಲ್ಲಿ ಬಿದ್ದದ್ದು, ಗಣೇಶಖಿಂಡ್ ರಸ್ತೆಯಲ್ಲಿ ಮೆಟ್ರೊ ಕೆಲಸ ವರ್ಷಗಟ್ಟಲೆ ನಡೆಯಿತು. ಅಂಥ ಕಡೆ ಬ್ಯಾರಿಕೇಡ್ ಜಾಗ ಬದಲಿಸಿದಾಗೆಲ್ಲ ಲೇನ್ ಬದಲಾಗುತ್ತದೆ. ಒಂದೆರಡು ತಿಂಗಳ ಬದಲಾವಣೆ ಮ್ಯಾಪಿಗೆ ಬೇಡ. ವರ್ಷಗಟ್ಟಲೆ ನಿಲ್ಲುವ ಬ್ಯಾರಿಕೇಡ್ ಆದರೆ ಲೇನ್ ಸಂಖ್ಯೆ ಇಳಿಸಿ, ಬಾಣ ತೆಗೆದುಬಿಡಿ, ಒಂದು ಟಿಪ್ಪಣಿ ಬಿಟ್ಟು ಬನ್ನಿ.

ರಸ್ತೆಯ ಫೋಟೊ ತೋರಿಸುವ ಗೂಗಲ್ ಸ್ಟ್ರೀಟ್ ವ್ಯೂ 2022ರಲ್ಲಿ ಭಾರತಕ್ಕೆ ಮತ್ತೆ ಬಂತು. ಅದರಲ್ಲಿ ಬಾಣಗಳು ಎಷ್ಟು ಸ್ಪಷ್ಟ ಅಂದರೆ ಕೈ ತುರಿಸುತ್ತದೆ. ಆದರೆ ಅದನ್ನು ನೋಡಿ ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ಇಳಿಸುವಂತಿಲ್ಲ, ಲೈಸೆನ್ಸ್ ಒಪ್ಪುವುದಿಲ್ಲ. ಹಾಗೆ ಮಾಡಿದ್ದು ಗೊತ್ತಾದರೆ ನಿಮ್ಮ ಎಲ್ಲ ಎಡಿಟ್ ಒಟ್ಟಿಗೆ ಹೋಗಬಹುದು. ಜನ ತೆಗೆದ ರಸ್ತೆ ಫೋಟೊಗಳನ್ನು ಹಂಚುವ ಮ್ಯಾಪಿಲರಿಯ ಚಿತ್ರಗಳಿಂದ ಇಳಿಸಬಹುದು, ಅದಕ್ಕೆ ಅನುಮತಿ ಇದೆ. ಎಲ್ಲಕ್ಕಿಂತ ಒಳ್ಳೆಯದು ನಿಮ್ಮದೇ ಕಣ್ಣು. ಭಾನುವಾರ ಬೆಳಗ್ಗೆ ಆರೂವರೆಗೆ ಅಳಿಯ ಓಡಿಸಲಿ, ನೀವು ಪಕ್ಕದಲ್ಲಿ ಕೂತು ವಿಡಿಯೊ ಮಾಡಿ. ಓಡಿಸುವವರು ಫೋನು ಮುಟ್ಟಬಾರದು, ಇದನ್ನು ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ. ಆ ಹೊತ್ತಿಗೆ ಬಾಣದ ಮೇಲೆ ಗಾಡಿ ನಿಂತಿರುವುದಿಲ್ಲ. ಮಳೆಗಾಲ ಮುಗಿದ ಕೂಡಲೇ ಹೋಗಬೇಡಿ, ಬಣ್ಣ ಸವೆದು ಅರ್ಧ ಬಾಣ ಉಳಿದಿರುತ್ತದೆ. ನೇರವೋ, ನೇರ-ಬಲವೋ ತಿಳಿಯುವುದಿಲ್ಲ. ನಾನು ಸರ್ವೆಗೆ ಹೋಗುವುದು ಡಿಸೆಂಬರ್‌ನಲ್ಲಿ. ಎಡಿಟ್ ಸೇವ್ ಮಾಡುವಾಗ ಮೂಲ ಎಂಬಲ್ಲಿ 'ಸ್ಥಳದಲ್ಲಿ ನೋಡಿದ್ದು' ಮತ್ತು ದಿನಾಂಕ ಬರೆದರೆ ಮುಂದೆ ಯಾರೂ 'ಎಲ್ಲಿಂದ ತಂದಿರಿ' ಎಂದು ಕೇಳುವುದಿಲ್ಲ.

ಈಗ ನಿಮ್ಮ ನಿಜವಾದ ನೋವಿಗೆ ಬರುತ್ತೇನೆ. ಎರಡು ಸಲ ದಾರಿ ತಪ್ಪಿದ್ದು ಚಾಂದಣಿ ಚೌಕದಲ್ಲಿ. ಬಾಣ ಹಾಕಿದ್ದು ಬಾವಧನದ ಸಿಗ್ನಲ್‌ಗಳಿಗೆ. ರೋಗ ಒಂದು ಕಡೆ, ಮದ್ದು ಇನ್ನೊಂದು ಕಡೆ ಆಗಿದೆ ಅಲ್ವಾ? ಚಾಂದಣಿ ಚೌಕದ ಥರದ ಜಾಗದಲ್ಲಿ ತೊಂದರೆ ಲೇನ್‌ನದ್ದಲ್ಲ. ಮುಂಬೈ-ಬೆಂಗಳೂರು ಹೆದ್ದಾರಿ, ಕೋಥರೂಡ್‌ನಿಂದ ಮುಳಶಿ ಕಡೆಗೆ ಹೋಗುವ ಪೌಡ್ ರಸ್ತೆ, ಬಾವಧನ-ಪಾಷಾಣದ ರಸ್ತೆ, ಎನ್‌ಡಿಎ (ರಾಷ್ಟ್ರೀಯ ರಕ್ಷಣಾ ಅಕಾಡೆಮಿ) ಕಡೆಯದು, ಎಲ್ಲ ಬಂದು ಒಂದೇ ಗುಡ್ಡದ ಮೇಲೆ ಗಂಟು ಬಿದ್ದಿವೆ. ರ‍್ಯಾಂಪ್ ಒಡೆಯುವ ಜಾಗಗಳು ಒಂದರ ಹಿಂದೆ ಒಂದು ಬರುತ್ತವೆ. ಫೋನು 'ಎಡಕ್ಕೆ ಸರಿಯಿರಿ' ಎನ್ನುತ್ತದೆ. ಎದುರಿಗೆ ಎಡದ್ದೇ ಎರಡು. ಜಿಪಿಎಸ್‌ಗೆ ಮೇಲಿನ ರಸ್ತೆ, ಕೆಳಗಿನ ರಸ್ತೆ ಎಂಬ ಭೇದ ಸರಿಯಾಗಿ ತಿಳಿಯುವುದಿಲ್ಲ. ಮುಂಬೈಯ ವೆಸ್ಟರ್ನ್ ಎಕ್ಸ್‌ಪ್ರೆಸ್ ಹೈವೇಯಲ್ಲಿ ಕೆಳಗೆ ಇಳಿಯಬೇಕಾದವರು ಫ್ಲೈಓವರ್ ಹತ್ತಿಬಿಡುವುದೂ ಇದೇ ಕಾರಣಕ್ಕೆ. 2024ರಲ್ಲಿ ಗೂಗಲ್ ಮ್ಯಾಪ್ಸ್ ಭಾರತದಲ್ಲಿ ಫ್ಲೈಓವರ್ ಹತ್ತಬೇಕೋ ಬೇಡವೋ ಎಂದು ಬೇರೆಯಾಗಿ ಹೇಳುವ ಸೌಲಭ್ಯ ತಂದದ್ದು ಸುಮ್ನೆ ಅಲ್ಲ.

ಇಂಥ ಕಡೆ ಕೆಲಸಕ್ಕೆ ಬರುವುದು ಬೋರ್ಡಿನ ಹೆಸರು. ರ‍್ಯಾಂಪ್ ಒಡೆದ ಮೇಲಿನ ತುಂಡಿಗೆ 'ಡೆಸ್ಟಿನೇಷನ್' ಟ್ಯಾಗ್ ಹಾಕಿ, ಬೋರ್ಡಿನಲ್ಲಿ ಏನು ಬರೆದಿದೆಯೋ ಅದನ್ನೇ. ರಸ್ತೆಯ ಸಂಖ್ಯೆ ಬರೆದಿದ್ದರೆ ಅದಕ್ಕೂ ಬೇರೆ ಟ್ಯಾಗ್ ಇದೆ. ಆಗ ಅದನ್ನು ಓದುವ ಆಪ್‌ಗಳು ಬರೀ 'ಎಡಕ್ಕೆ' ಎನ್ನುವ ಬದಲು ಯಾವ ಊರಿನ ಕಡೆ ಅಂತಲೂ ಹೇಳುತ್ತವೆ. ಕಣ್ಣಿಗೆ ಕಂಡ ಬೋರ್ಡು, ಕಿವಿಗೆ ಬಿದ್ದ ಹೆಸರು ಒಂದೇ ಆದರೆ ಡ್ರೈವರ್‌ಗೆ ಅನುಮಾನ ಬರುವುದಿಲ್ಲ. ನಮ್ಮ ಆಸೆಗೆ ಅಲ್ಲಿ 'ಧಾರವಾಡ' ಎಂದು ಬರೆಯಬೇಡಿ, ಬೋರ್ಡಿನಲ್ಲಿ ಇಲ್ಲದಿದ್ದರೆ. ನನಗೂ ಆಸೆಯಾಗಿತ್ತು. ತಲೆಯ ಮೇಲೆ ಒಂದೊಂದು ಲೇನಿಗೂ ಬೇರೆ ಊರು ಬರೆದ ಬೋರ್ಡ್ ಇದ್ದರೆ ಒಡೆಯುವ ಮುಂಚಿನ ತುಂಡಿಗೆ 'ಡೆಸ್ಟಿನೇಷನ್:ಲೇನ್ಸ್' ಹಾಕಬಹುದು. ಬರೆಯುವ ಕ್ರಮ ಬಾಣದ್ದೇ.

ರ‍್ಯಾಂಪ್ ಒಡೆಯುವ ಮುಂಚೆ ನೆಲದ ಮೇಲೆ ಬಾಣ ಇಲ್ಲ, ಆದರೆ ಲೇನ್ ಗೆರೆಗಳು ಸ್ಪಷ್ಟವಾಗಿ ಎರಡು ಎಡಕ್ಕೆ, ಎರಡು ನೇರಕ್ಕೆ ಹರಿದು ಹೋಗುತ್ತವೆ. ಅಲ್ಲಿ ಬಾಣ ಹಾಕಬಹುದೇ? ಇದೊಂದರಲ್ಲಿ ಮ್ಯಾಪರ್‌ಗಳೇ ಎರಡು ಪಾಳಯ. ನಾನು ಹಾಕುವ ಪಾಳಯದವನು. ಯಾಕೆಂದರೆ ಅಲ್ಲಿ ಊಹೆ ಇಲ್ಲ. ಗೆರೆ ನಡುವೆ ಹೋದರೆ ನೀವು ಎಲ್ಲಿ ತಲುಪುತ್ತೀರಿ ಅನ್ನುವುದು ಕಾಂಕ್ರೀಟಿನಲ್ಲೇ ತೀರ್ಮಾನವಾಗಿದೆ. ಸಿಗ್ನಲ್ ಜಂಕ್ಷನ್‌ನಲ್ಲಿ ಹಾಗಿಲ್ಲ. ಯಾವ ಲೇನ್ ಯಾವ ಲೇನಿಗೆ ಸೇರುತ್ತದೆ ಅಂತ ಹೇಳಲು 'ಕನೆಕ್ಟಿವಿಟಿ' ಎಂಬ ರಿಲೇಷನ್ ಕೂಡ ಇದೆ. ಶಾಸ್ತ್ರಕ್ಕೆ ಅದೇ ಹೆಚ್ಚು ಶುದ್ಧ. ಆದರೆ ಅದನ್ನು ಓದುವ ಆಪ್‌ಗಳು ಕಡಿಮೆ, ಮುಂದಿನವರು ರಸ್ತೆ ಕತ್ತರಿಸಿದಾಗ ಮುರಿದುಹೋಗುವುದು ಜಾಸ್ತಿ. ಹೊಸಬರಿಗೆ ನಾನು ಹೇಳಿಕೊಡುವುದಿಲ್ಲ.

ಹಾಗಾದರೆ ನಿಮ್ಮ 11 ಜಂಕ್ಷನ್ ಏನು ಮಾಡುವುದು? ಎಲ್ಲ ಅಳಿಸಿ ಕೈ ತೊಳೆದುಕೊಳ್ಳುವುದು ಸುಲಭ, ಅದರಲ್ಲಿ ಸರಿ ಇದ್ದದ್ದೂ ಹೋಗುತ್ತದೆ. ಎಲ್ಲ ಹಾಗೇ ಬಿಟ್ಟು ಬಣ್ಣ ಬರುವವರೆಗೆ ಕಾಯುವುದು ಇನ್ನೂ ಸುಲಭ. ಆದರೆ ಬಣ್ಣ ಬಂದಾಗ ನೀವು ಹಾಕಿದ ಕ್ರಮದಲ್ಲೇ ಬರುತ್ತದೆ ಎಂಬ ಭರವಸೆ ಏನಿದೆ? ನಾನಾದರೆ ಎರಡು ಭಾನುವಾರ ತೆಗೆದಿಡುತ್ತೇನೆ. ಬಾಣ ಕಂಡ ಕಡೆ ವಿಡಿಯೊಗೆ ತಾಳೆ ನೋಡಿ ಉಳಿಸುತ್ತೇನೆ. ಬರೀ ಗೆರೆ ಕಂಡ ಕಡೆ ಬಾಣ ತೆಗೆದು ಲೇನ್ ಸಂಖ್ಯೆ ಮಾತ್ರ ಬಿಡುತ್ತೇನೆ. ಏನೂ ಕಾಣದ ಕಡೆ 'ಮಾರ್ಕಿಂಗ್ ಇಲ್ಲ' ಎಂದು ಹಾಕುತ್ತೇನೆ. ಸಿಕ್ಕ ನಿಷೇಧದ ಬೋರ್ಡುಗಳನ್ನೆಲ್ಲ ಅದೇ ಸಲ ಸೇರಿಸುತ್ತೇನೆ.

ಆ ಹಳೆಯ ಮ್ಯಾಪರ್‌ಗೆ ಉತ್ತರ ಕೊಡಿ, ಸುಮ್ಮನಿರಬೇಡಿ. 'ಜನ ನಿಲ್ಲುವುದನ್ನು ನೋಡಿ ಹಾಕಿದ್ದೆ, ಈ ಭಾನುವಾರ ಹೋಗಿ ನೋಡಿ ಸರಿಪಡಿಸುತ್ತೇನೆ' ಎಂದು ಎರಡು ಸಾಲು ಬರೆದರೆ ಸಾಕು. ಪುಣೆಯವರೇ ಆಗಿದ್ದರೆ ಚಾಂದಣಿ ಚೌಕಕ್ಕೆ ನಿಮ್ಮ ಜೊತೆ ಬಂದರೂ ಬಂದಾರು. ಅಲ್ಲಿಗೆ ಹೋದಾಗ ಕೋಥರೂಡ್ ಕಡೆಯಿಂದ ಒಮ್ಮೆ, ಬಾವಧನದ ಕಡೆಯಿಂದ ಒಮ್ಮೆ, ಎರಡು ಸಲ ಬೇರೆ ಬೇರೆ ವಿಡಿಯೊ ಮಾಡಿಕೊಳ್ಳಿ. ಒಂದೇ ಸಲದಲ್ಲಿ ಎಲ್ಲ ಬೋರ್ಡು ಸಿಗುವುದಿಲ್ಲ. ನೀವು ತಪ್ಪಿದ ರ‍್ಯಾಂಪ್‌ನ ಮುಂದಿನ ಬೋರ್ಡಿನ ಫೋಟೊ ನನಗೂ ಒಂದು ಕಳಿಸಿ.